ಗಿಳಿ ಕೊಕ್ಕು ಸೆರಗಿನ ಕಡೆ

ನನ್ನ ಬಾಯಿ ನನ್ನ ಮಾತು ಕೇಳಂಗಿಲ್ಲ, ಇದು ವಡಗಾವಿ ಓಣಿಗೆಲ್ಲಾ ಗೊತ್ತಿದ್ದದ್ದ. ಅವತ್ತು ಮಾಯಕ್ಕಾಯಿ ಮುಂದ ಸುಮ್ನ "ನೋಡೂಣು ತಡೀರಿ" ಅಂದಿದ್ರ ಮುಗೀತಿತ್ತು. ಆದ್ರ ನಾ ಏನಂದ್ನಿ? "ಫೈಲ್ ಐತ್ರಿ ಆಯಿ, ಎಂಟ ದಿನದಾಗ ಸೀರಿ ನಿಮ್ಮ ಕೈಯಾಗ!"

ನಾ ಗಂಗಾದೇವಿ, ಸೀರಿ ದಡಿಗೆ ಡಿಸೈನ್ ಹಾಕಾಕಿ. ನನಗ ಈಗ ಐವತ್ತೇಳು. ನಮ್ಮ ಮಾವ ಈರಯ್ಯನವರು ಗ್ರಾಫ್ ಹಾಳಿ ಮ್ಯಾಲ ಪೆನ್ಸಿಲ್ ಹಿಡಕೊಂಡು ಚೌಕ ಚೌಕ ತುಂಬ್ತಿದ್ರು, ನನಗೂ ಅವ್ರ ಕಲಿಸಿದ್ರು. ಆಮ್ಯಾಲ ಕಂಪ್ಯೂಟರ್ ಬಂತು, ಇಪ್ಪತ್ತೆರಡು ವರ್ಷ ಅದರಾಗ ಹಾಕೀನಿ. ಗ್ರಾಫಿನ ಒಂದು ಸಾಲು ಅಂದ್ರ ಮಗ್ಗದಾಗ ಲಾಳಿ ಒಂದ ಸಲ ಓಡಿದ ಲೆಕ್ಕ. ಆ ಸಾಲು ನೋಡಿ ರಟ್ಟಿನ ಕಾರ್ಡಿಗೆ ತೂತು ಹೊಡೀತಾರ, ಆ ತೂತಿನ ಪ್ರಕಾರ ಮಗ್ಗ ದಾರ ಎತ್ತತೈತಿ. ನಮ್ಮ ಧಂಧೆ ಇಷ್ಟ.

ಮಾಯಕ್ಕಾಯಿ ಖಾನಾಪೂರದಾಕಿ. ವಯಸ್ಸು ಎಪ್ಪತ್ತೈದು ದಾಟೇತಿ. ಮೊಮ್ಮಗಳು ಮನಿಷಾ ಕೈ ಹಿಡಕೊಂಡು ನಮ್ಮ ಅಂಗಡಿ ಮೆಟ್ಟಲಾ ಹತ್ತಿ ಬಂದ್ಲು, ಬಗಲಾಗ ಒಂದು ಗಂಟು. ಗಂಟು ಬಿಚ್ಚಿದ್ರ ಒಳಗ ಒಂಬತ್ತು ವಾರಿ ಹಸರ ಸೀರಿ, ಮುಟ್ಟಿದ್ರ ಹರೀತೈತಿ ಅನ್ನೂವಷ್ಟು ಹಳೇದು. ದಡಿ ತುಂಬ ಕೆಂಪ ಗಿಳಿ ಸಾಲು. ನೋಡಿದ ಕೂಡಲೆ ಗೊತ್ತಾತು, ಅದು ನಮ್ಮ ಮಾವನ ಕೈ.

"ಗಂಗಾ, ಇಂಥಾದ ಒಂದು ನೇಯಿಸಿ ಕೊಡವಾ" ಅಂದ್ಲು ಆಯಿ. "ಇಂಥಾವು ಮೂರು ಇದ್ದುವು. ಎರಡು ಹೋದುವು, ಇದೂ ಹೊಂಟೇತಿ. ಮೂರು ವಾರಕ್ಕ ಈ ಮನಿಷಾನ ಲಗ್ನ."

"ಅಯ್ಯ ಆಯಿ, ಈಗ ಎಷ್ಟ ಚಂದ ಚಂದ ದಡಿ ಬಂದಾವ. ಕಮಲದ ಹೂವಿಂದು ತೋರಸ್ಲೇನ್ರಿ?"

"ಹೂವಿಗೆ ಹಿಂದ ಮುಂದ ಇರತೈತೇನ?" ಅಂದ್ಲು ಸಿಟ್ಟಿಲೆ. ಆಮ್ಯಾಲ ನನ್ನ ಕೈ ಹುಡಕಿ ಹಿಡದು, ನನ್ನ ಹೆಬ್ಬಟ್ಟು ಆ ಗಿಳಿ ಮ್ಯಾಲ ಇಟ್ಲು. "ಕಣ್ಣು ಮುಚ್ಚು. ಈಗ ತಿಕ್ಕಿ ನೋಡು."

ಕಣ್ಣು ಮುಚ್ಚಿದ್ನಿ. ದಾರ ಅಲ್ಲಿ ಉಬ್ಬೇತಿ. ಮೊದಲ ಬಾಲ, ಆಮ್ಯಾಲ ಹೊಟ್ಟಿ, ಆಮ್ಯಾಲ ಚೂಪ ಆಗಿ ಒಂದು ಕೊಕ್ಕು.

ಆಯಿಗೆ ಕಣ್ಣಿನ ನರ ಸೋತು ಆರು ವರ್ಷ ಆಗ್ಯಾವಂತ. ಬೆಳಕು ಕತ್ತಲಿ ಅಷ್ಟ ತಿಳೀತೈತಿ. ಆದ್ರ ಒಂಬತ್ತು ವಾರಿ ಸೀರ್ಯಾಗ ಕೈ ಎಲ್ಲಿ ಬೀಳಲಿ, ಹೆಬ್ಬಟ್ಟಿಲೆ ಒಂದು ಗಿಳಿ ಹುಡಕ್ತಾಳ. ಕೊಕ್ಕು ಯಾ ಕಡೆ ಐತೋ ಸೆರಗು ಆ ಕಡೆ. ಗಿಳಿ ಎಲ್ಲಾ ಸೆರಗಿನ ಕಡೆ ಮುಖ ಮಾಡಿ ಹೊಂಟಾವ. ಅಷ್ಟ ಹಿಡಕೊಂಡು ತನ್ನ ಸೀರಿ ತಾನ ಉಡ್ತಾಳ.

"ಲಗ್ನದ ಮನ್ಯಾಗ ಮಂದಿ ತುಂಬಿರ್ತಾರ" ಅಂದ್ಲು. "ಸೊಸ್ತ್ಯಾರು ಬಂದು 'ಬರ್ರಿ, ನಾವು ಉಡಸ್ತೀವಿ' ಅಂತ ನನ್ನ ಗ್ವಾಡಿಗೆ ನಿಂದರಿಸಿ ತಿರಗ್ಯಾಡಸಿದ್ರ, ಖರೇ ಹೇಳ್ತೀನಿ ಗಂಗಾ, ನಾ ಆ ಲಗ್ನಕ್ಕ ಹೊರಗ ಬರಂಗಿಲ್ಲ. ಖೋಲ್ಯಾಗ ಕುಂತ್ಬಿಡ್ತೀನಿ."

ಮನಿಷಾ ನೆಲ ನೋಡಾಕತ್ತಿದ್ಲು. "ಆಜಿ ಇಲ್ಲಂದ್ರ ನಾ ಅಕ್ಕಿಕಾಳು ಹಾಕಿಸ್ಕೊಳ್ಳಂಗಿಲ್ರಿ ಕಾಕೂ" ಅಂದ್ಲು ಸಣ್ಣ ದನಿಯೊಳಗ.

ಇಂಥಾದು ಕೇಳಿದಾಗ ನನ್ನ ಬಾಯಿ ಇನ್ನೂ ಜೋರ ಓಡತೈತಿ. ಮಾವನ ಡಿಸೈನ್ ಎಲ್ಲಾ ನಾ ಕಂಪ್ಯೂಟರಿಗೆ ಏರಿಸಿಟ್ಟಿದ್ನಿ. ಅದಕ್ಕ ಎಂಟ ದಿನ ಅಂತ ಮಾತು ಕೊಟ್ಟ ಕಳಿಸಿದ್ನಿ.

ಮರುದಿನ ಮುಂಜಾನೆ ಈಬತ್ತಿ ಹಚ್ಚಿಕೊಂಡು, ಚಾ ಕುಡದು, ಕಂಪ್ಯೂಟರ್ ಗುಂಡಿ ಒತ್ತಿದ್ನಿ. ಕಟ್ ಕಟ್ ಕಟ್ ಅಂತು. ಪರದಿ ಮ್ಯಾಲ ಬಿಳೇ ಅಕ್ಷರದಾಗ ಏನೋ ಒಂದು ಸಾಲು ಬಂತು, ಅಲ್ಲೇ ನಿಂತ್ಬಿಡ್ತು. ಎರಡ ಸಲ ಬಡದ್ನಿ. ಬಡದದ್ದಕ್ಕ ಆ ಕಟ್ ಕಟ್ಟೂ ನಿಂತು.

ಸೊಸಿ ಸಪ್ನಾ ಬಂದು ನೋಡಿದ್ಲು. ಅಕಿ ಶಿವಬಸವ ನಗರದ ಹುಡಗಿ, ಒಂದು ಸಾಲ್ಯಾಗ ಮಕ್ಕಳಿಗೆ ಕಂಪ್ಯೂಟರ್ ಕಲಸ್ತಾಳ. ನನ್ನ ಮಗ ಶಶಿಧರ ಆಟೋ ನಗರದ ಗ್ಯಾರೇಜಿನ್ಯಾಗ ಗಾಡಿ ಬಿಚ್ಚಿದಂಗ, ಇಕಿ ಕಂಪ್ಯೂಟರ್ ಬಿಚ್ತಾಳ.

"ಹಾರ್ಡ್ ಡಿಸ್ಕ್ ಹೋಗೇತ್ರಿ ಅತ್ತಿ. ಫೈಲ್ ಎಲ್ಲಾ ಇನ್ನೊಂದು ಕಡೆ ಕಾಪಿ ಇಟ್ಟೀರಿಲ್ಲೋ?"

"ಇಟ್ಟೀನಲ್ಲ!" ಅಂದ್ನಿ ಠೀವಿಲೆ. "ಒಂದೊಂದು ಎರಡೆರಡು ಇಟ್ಟೀನಿ."

"ಎಲ್ಲಿ ಇಟ್ಟೀರಿ?"

"ಅದರಾಗ."

ಸಪ್ನಾ ತುಟಿ ಕಚ್ಚಿಕೊಂಡ್ಲು. ನಗಾಕತ್ತಾಳ ಅಂತ ನನಗೇನು ತಿಳಿಯಂಗಿಲ್ಲೇನು? ಆ ಡಿಸ್ಕ್ ತಗೊಂಡು ತನ್ನ ಪೈಕಿ ಅಮರ ಅನ್ನೂ ರಿಪೇರಿ ಹುಡುಗಗ ಕೊಟ್ಲು. "ಜೀವ ಇದ್ರ ತಗೀತಾನು, ಆದ್ರ ಒಂದು ತಿಂಗಳಾದ್ರೂ ಬೇಕಂತ್ರಿ" ಅಂದ್ಲು. ಆಮ್ಯಾಲ ಹೊಸಾ ಡಿಸ್ಕ್ ಹಾಕಿದ್ಲು. ಹೊಸಾ ವಿಂಡೋಸ್ ನಮ್ಮ ಹಳೇ ಡಬ್ಬಿಗೆ ಭಾರ ಆಗತೈತಿ ಅಂತ ಲಿನಕ್ಸ್ ಅನ್ನೂದನ್ನ ತುಂಬಿದ್ಲು.

"ಎಲ್ಲಾ ಅದ ರೀ ಅತ್ತಿ, ಹೆಸರು ಅಷ್ಟ ಬ್ಯಾರೆ" ಅಂದ್ಲು.

ಹೆಸರು ಅಷ್ಟ ಬ್ಯಾರೆ ಅಂತ! ಕುಂತು ನೋಡಿದ್ರ ನನ್ನ ಮನ್ಯಾಗ ಯಾರೋ ಬಂದು ಡಬ್ಬಿ ಎಲ್ಲಾ ಜಾಗಾ ಬದಲ ಮಾಡಿ ಹೋದಂಗ ಆಗಿತ್ತು. ಎಡಕ್ಕ ಕೆಳಗ ಒತ್ತಿದ್ರ ತೆರೀತಿದ್ದದ್ದು ಈಗ ಮ್ಯಾಲ ಹೋಗಿತ್ತು. ಕಿಟಕಿ ಮುಚ್ಚಾಕ ಹೋದ್ರ ದೊಡ್ಡದಾಗ್ತಿತ್ತು. ಎರಡ ದಿನ ನಾ ಬೈದ ಬೈಗಳ ಕೇಳಿ ಬಾಜೂ ಮನಿ ಸಾತವ್ವ, "ಯಾರ ಜೋಡಿ ಜಗಳಾನಬೇ?" ಅಂತ ಬಾಗಲಾ ತನಕ ಬಂದು ನೋಡಿ ಹೋದ್ಲು.

ಸಪ್ನಾ ಒಂದು ನೋಟಬುಕ್ ಕೊಟ್ಲು. "ಎಡಕ್ಕ ಹಳೇದು ಬರೀರಿ, ಬಲಕ್ಕ ಹೊಸಾದು ಬರೀರಿ. ಒಂದೊಂದ ಹುಡುಕೂಣು." ಬರದ್ನಿ. ಪತ್ರ ಬರಿಯೂದು ಸಿಕ್ತು. ಕನ್ನಡ ಕೀಲಿಮಣಿನೂ ಸಿಕ್ತು. ನನ್ನ ಬೆರಳಿಗೆ ರೂಢಿ ಇದ್ದ ಮನಿಯೊಳಗ ಅಕ್ಷರ ಕುಂತಿದ್ದುವು, ಅದೊಂದು ಸಮಾಧಾನ. ವಚನ ಹಚ್ಚಾಕ ಒಂದು ಸಿಕ್ತು. ನಾ ಯಾರಿಗೂ ಹೇಳದ ಮಧ್ಯಾಹ್ನ ಆಡ್ತಿದ್ದ ಇಸ್ಪೀಟ ಆಟ ಬರೀಬೇಕೋ ಬ್ಯಾಡೋ ಅಂತ ಕುಂತಿದ್ನಿ, ಅಷ್ಟರಾಗ ಸಪ್ನಾ ತಾನ ಬಲಕ್ಕ ಅದರ ಹೊಸಾ ಹೆಸರು ಬರದಿದ್ಲು. ಅಕಿಗೆ ಗೊತ್ತಿತ್ತು ಹಂಗಾದ್ರ! ನಾ ನೋಡೇ ಇಲ್ಲ ಅನ್ನೂವಂಗ ಹಾಳಿ ತಿರುವಿದ್ನಿ.

ಒಂದ ಒಂದು ಸಾಲಿನ ಬಲಕ್ಕ ಖಾಲಿ ಉಳೀತು. ಎಡಕ್ಕ ಬರದಿದ್ದದ್ದು ಜರಿ ಮಾಸ್ಟರ್.

ಜರಿ ಮಾಸ್ಟರ್ ಅಂದ್ರ ನಾ ಡಿಸೈನ್ ಹಾಕ್ತಿದ್ದ ಪ್ರೋಗ್ರಾಮು. ಇಚಲಕರಂಜಿ ಒಬ್ಬ ಮನಷ್ಯಾ ಕುಂತು ಮಾಡಿದ್ದಂತ. ಅಂವಗ ಫೋನ್ ಹಚ್ಚಿದ್ರ ಆ ನಂಬರ್ ಈಗ ಯಾರೋ ಬೇಕರಿಯವ್ರ ಕಡೆ ಐತಿ. ಸೀಡಿ ಇತ್ತು, ಕಂಪ್ಯೂಟರ್ ಹಿಂದ ಚುಚ್ಚೂ ಒಂದು ಹಸರ ಚಾವಿನೂ ಇತ್ತು, ಅದಿಲ್ಲದ ಪ್ರೋಗ್ರಾಮು ಕೆಲಸ ಮಾಡಂಗಿಲ್ಲ.

"ಲಿನಕ್ಸಿನ್ಯಾಗ ಹಳೇ ವಿಂಡೋಸ್ ಪ್ರೋಗ್ರಾಮ್ ಓಡಸಾಕ ವೈನ್ ಅಂತ ಒಂದು ಐತ್ರಿ" ಅಂದ್ಲು ಸಪ್ನಾ.

"ಏನ? ಲಿಂಗಾ ಕಟ್ಟಿದ ಮನ್ಯಾಗ ಅದರ ಹೆಸರು ತಗೀಬ್ಯಾಡ" ಅಂದ್ನಿ.

ನಕ್ಕೋತ ಹಾಕಿದ್ಲು. ಜರಿ ಮಾಸ್ಟರ್ ತೆರೀತು ಖರೇ, ನನ್ನ ಎದಿ ಅರಳಿತು. ಆದ್ರ ಚಾವಿ ಚುಚ್ಚರಿ ಅಂತು. ಚುಚ್ಚೇತಿ ಮಾರಾಯಾ, ಹಿಂದ ನೋಡು! ಚುಚ್ಚಿದ ಚಾವಿ ಅದಕ್ಕ ಕಾಣವಲ್ದು. ತಗದು ಚುಚ್ಚಿದ್ವಿ, ಬ್ಯಾರೆ ತೂತಿಗೆ ಚುಚ್ಚಿದ್ವಿ, ಒರಸಿ ಚುಚ್ಚಿದ್ವಿ. ಇಲ್ಲ.

ಆಮ್ಯಾಲ ಗಿಂಪ್ ಅಂತ ಚಿತ್ರ ತಗಿಯೂದು ತೋರಿಸಿದ್ಲು. ನಾ ಗಿಳಿ ತಗದ್ನಿ, ಅಂಚೆಲ್ಲಾ ಮಬ್ಬ ಮಬ್ಬ. "ಕುಂಚ ಬ್ಯಾಡ್ರಿ ಅತ್ತಿ, ಪೆನ್ಸಿಲ್ ತಗೋರಿ" ಅಂದ್ಲು. ಅಷ್ಟೊತ್ತಿಗೆ ನನ್ನ ತಾಳ್ಮಿ ಮುಗದಿತ್ತು. ಮೌಸ್ ತಳ್ಳಿ ಎದ್ದ ಹೋದ್ನಿ. ಅವತ್ತಿಗೆ ಒಂಬತ್ತು ದಿನ ಆಗಿತ್ತು. ಎಂಟ ದಿನ ಅಂದಾಕಿ ನಾನ. ಖಾನಾಪೂರದಾಗ ಒಬ್ಬಾಕಿ ಮುದುಕಿ ನನ್ನ ಮಾತು ನಂಬಿ ಕುಂತಾಳ, ನಾ ಇಲ್ಲಿ ಒಂದು ಗಿಳಿ ತಗಿಯಾಕ ಆಗದ ಕುಂತೀನಿ. ಇಪ್ಪತ್ತೆರಡು ವರ್ಷ ಡಿಸೈನ್ ಹಾಕಿದ್ದು ನಾನೋ ಆ ಹಸರ ಚಾವಿನೋ ಅಂತ ಅನಿಸಿ, ಅಡಗಿ ಮನ್ಯಾಗ ರೊಟ್ಟಿ ತಟ್ಟೂಮುಂದ ಕಣ್ಣಾಗ ನೀರ ಬಂತು. ಸಪ್ನಾ ನೋಡಬಾರದಂತ ಒಲಿ ಹೊಗಿ ಮ್ಯಾಲ ಹಾಕಾಕ ಹೋದ್ನಿ, ಗ್ಯಾಸ್ ಒಲ್ಯಾಗ ಹೊಗಿ ಎಲ್ಲಿಂದ ಬರಬೇಕು?

ಮಾವನ ಟ್ರಂಕ್ ತಗದ್ನಿ. ಆ ಗಿಳಿ ದಡಿ ಗ್ರಾಫ್ ಇತ್ತು. ಕಾಗದ ಹಳದಿ ಆಗಿ ಪೆನ್ಸಿಲ್ ಮಾಸಿತ್ತು. ನನಗ ಬಿಟ್ರ ಯಾರಿಗೂ ಓದಾಕ ಬರೂವಂಗಿರಲಿಲ್ಲ. ಕಾರ್ಡ್ ಹೊಡಿಯೂ ತಮ್ಮಣ್ಣಗಂತೂ ದಪ್ಪ ಪ್ರಿಂಟು ಬೇಕು, ಬಾಜೂಕ ಸಾಲಿನ ನಂಬರ್ ಬೇಕು. ಅಂವ ಚಿತ್ರ ನೋಡೂ ಪೈಕಿ ಅಲ್ಲ, ನಂಬರ್ ನೋಡ್ತಾನು, ತೂತು ಹೊಡೀತಾನು.

ಆ ಹಾಳಿ ಹಿಡಕೊಂಡು ಹೊರಗ ಬಂದ್ರ, ಸಪ್ನಾ ಅದ ಕಂಪ್ಯೂಟರ್ ಮುಂದ ಕುಂತು ತನ್ನ ಸಾಲಿ ಹಾಜರಿ ತುಂಬಾಕತ್ತಿದ್ಲು. ಪರದಿ ತುಂಬ ಗೆರಿ ಹೊಡದ ಮನಿ ಮನಿ. ಸಾಲಿಗೆ ಬಾರದ ಹುಡುಗನ ಮನಿಗೆ ಕೆಂಪ ಬಣ್ಣ ಹಾಕಿದ್ಲು. ಟಕ್ ಅಂತ ಒಂದು ಚೌಕ ಕೆಂಪಾತು. ಅಂಚು ಖಡಕ್, ಮಬ್ಬಿಲ್ಲ ಗಿಬ್ಬಿಲ್ಲ.

"ಇದೇನಿದು?" ಅಂದ್ನಿ.

"ಕ್ಯಾಲ್ಕ್ ರೀ ಅತ್ತಿ. ಪಟ್ಟಿ ಮಾಡೂದು."

"ಈ ಮನಿ ಸಣ್ಣು ಮಾಡಾಕ ಬರತೈತೇನು? ಚೌಕ?"

"ಬರತೈತಿ. ಯಾಕ?"

"ಸರಿ ಅತ್ತಾಗ!" ಅಂದ್ನಿ. "ನಿನ್ನ ಹುಡುಗ ಸಾಲಿಗೆ ಬರಲಿಲ್ಲ, ನನ್ನ ಗಿಳಿಗೆ ಕೊಕ್ಕು ಬಂತು!"

ಅದು ಗ್ರಾಫ್ ಹಾಳಿನ ಆಗಿತ್ತು. ಒಂಬತ್ತು ದಿನ ನಾ ಜರಿ ಮಾಸ್ಟರ್‌ಗೆ ಜೋಡಿ ಹುಡಕ್ಕೋತ ಊರೆಲ್ಲಾ ತಿರಗಿದ್ನಿ, ಆದ್ರ ಜರಿ ಮಾಸ್ಟರ್ ಬರೂಕ್ಕಿಂತ ಮೊದಲ ನನ್ನ ಕೈಯಾಗ ಇದ್ದದ್ದಾದ್ರೂ ಏನು, ಚೌಕದ ಹಾಳಿ. ಸಪ್ನಾನ ತಬ್ಬಿಕೊಂಡ್ನಿ. ಅಕಿ ಹೆದರಿದ್ಲು ಪಾಪ, ಲಗ್ನ ಆಗಿ ನಾಕು ವರ್ಷದಾಗ ನಾ ಹಂಗ ಮಾಡಿದ್ದಿಲ್ಲ.

ಎರಡ ದಿನ ಕುಂತ ಕುರ್ಚಿ ಬಿಡಲಿಲ್ಲ. ಸಪ್ನಾ ಮನಿ ಎಲ್ಲಾ ಸಣ್ಣ ಚೌಕ ಮಾಡಿ ಕೊಟ್ಲು, ನಾ ಮಾವನ ಹಾಳಿ ಎದುರಿಗೆ ಅಂಟಿಸಿಕೊಂಡು ಒಂದೊಂದು ಮನಿ ಎಣಿಸಿ ಕೆಂಪ ತುಂಬಿದ್ನಿ. ಕಾಪಿ ಮಾಡೂದು, ಅಂಟಿಸೂದು ಎಲ್ಲಾ ಅದ ಕೀಲಿ. ಗಿಳಿ ಹೊಟ್ಟಿ ಬಂತು, ಕಣ್ಣು ಬಂತು. ಎಡಕ್ಕ ಸಾಲಿನ ನಂಬರ್ ತಾನ ಬಂದಿತ್ತು, ಬರಿಯೂದು ಸುದ್ದಾ ತಪ್ಪಿತು. ನೋಟಬುಕ್ ತಗದು ಖಾಲಿ ಇದ್ದ ಜಾಗಾದಾಗ ದಪ್ಪ ಅಕ್ಷರದಿಂದ "ಕ್ಯಾಲ್ಕ್" ಅಂತ ಬರದು ಕೆಳಗ ಎರಡು ಗೆರಿ ಎಳದ್ನಿ.

ತಮ್ಮಣ್ಣ ಎರಡು ಓಣಿ ಆಚೆ ಇರ್ತಾನು. ತಾನ ಕಾರ್ಡ್ ಹೊಡೀತಾನು, ತಾನ ಮಗ್ಗಾನೂ ಓಡಸ್ತಾನು. ಪ್ರಿಂಟ್ ನೋಡಿ, "ವೈನೀ, ಇದು ಹಳೇದಕ್ಕಿಂತ ಚಂದ ಕಾಣತೈತ್ರಿ" ಅಂದ. ನಾ ಹಿಗ್ಗಿ ಹೀರೆಕಾಯಿ ಆದ್ನಿ. ಲಗ್ನಕ್ಕ ನಾಕ ದಿನ ಇದ್ದಾಗ ಸೀರಿ ಮಗ್ಗದಿಂದ ಇಳೀತು. ತಮ್ಮಣ್ಣ ತಾನ ಮಡಚಿ, ಪ್ಲಾಸ್ಟಿಕ್ಕಿನ್ಯಾಗ ಹಾಕಿ ತಂದ. ಮ್ಯಾಲಿನ ಮಡಿಕಿ ಎತ್ತಿ ನೋಡಿದ್ನಿ. ಹಸರ ಮೈ, ಕೆಂಪ ಗಿಳಿ, ಒಂದ ಒಂದು ದಾರ ತಪ್ಪಿಲ್ಲ. ಹೆಬ್ಬಟ್ಟು ಆಡಿಸಿದ್ರ ಉಬ್ಬೂ ಬರೋಬರಿ.

ಅವತ್ತ ರವಿವಾರ, ನಾನು ಸಪ್ನಾ ಖಾನಾಪೂರದ ಬಸ್ ಹತ್ತಿದ್ವಿ. ದಾರಿ ತುಂಬ ನಾ ಬಾಜೂಕ ಕುಂತಾಕಿಗೆ ಕ್ಯಾಲ್ಕ್ ಸುದ್ದಿ ಹೇಳ್ಕೋತ ಹೋದ್ನಿ. ಅಕಿ ಮರಾಠಿಯಾಕಿ, ಅರ್ಧ ತಿಳೀತೋ ಇಲ್ಲೋ, ಇಳಿಯೂಮುಂದ ಮಾತ್ರ "ಛಾನ್ ಛಾನ್" ಅಂದ್ಲು.

ಆಯಿ ಮನಿ ಮುಂದ ಹಂದರ ಹಾಕಾಕತ್ತಿದ್ರು. ಆಯಿ ಸೀರಿ ಎದಿಗೆ ಹಿಡಕೊಂಡು ಮೂಸಿ ನೋಡಿದ್ಲು. ಹೆಬ್ಬಟ್ಟಿಲೆ ಒಂದು ಗಿಳಿ ಮುಟ್ಟಿದ್ಲು. ಅಕಿ ಮಾರಿ ಹಂಗ ಅರಳಿತು ನೋಡ್ರಿ, ನಾ ಎಂದೂ ಮರೆಯಂಗಿಲ್ಲ. "ಅಗ ಬಾಯಿ, ಅದ ಗಿಳಿ!" ಅಂದ್ಲು. "ಕುಂದರ್ರಿ, ಚಾ ಕುಡೀರಿ. ನಾ ಉಟಗೊಂಡ ಬರ್ತೀನಿ. ಯಾರೂ ಒಳಗ ಬರಬ್ಯಾಡ್ರಿ."

ಚಾ ಕುಡದ್ವಿ. ಇನ್ನೊಂದು ಕಪ್ ಕುಡದ್ವಿ. ಒಳಗಿಂದ ಸೀರಿ ಸಪ್ಪಳ, ಗೊಣಗೂ ಸಪ್ಪಳ. ಕಡೀಕ ಬಾಗಲಾ ತೆರೀತು.

ಸೆರಗು ಸೊಂಟಕ್ಕ ಸಿಕ್ಕಿಸಿತ್ತು. ಹೆಗಲ ಮ್ಯಾಲ ಬರಬೇಕಾದ ಜಾಗಾದಾಗ ಬೋಳ ತುದಿ ಜೋತಾಡತಿತ್ತು. ನಿರಿಗಿ ಎಲ್ಲಾ ಬರೋಬರಿ, ಕಚ್ಚಿ ಬರೋಬರಿ, ಸೀರಿ ಮಾತ್ರ ಹಿಂದ್ಮುಂದ. ಹಂದರದ ಮಂದಿಯೊಳಗ ಯಾರೋ ಫಕ್ಕನ ನಕ್ರು. ಮನಿಷಾನೂ ನಗಾಕ ಹೋಗಿ, ಆಜಿ ಮಾರಿ ನೋಡಿ ನಿಂತ್ಲು.

"ಯಾಕ ನಗಾಕತ್ತೀರಿ?" ಅಂದ್ಲು ಆಯಿ. ಆಮ್ಯಾಲ ಹೆಗಲ ಮುಟ್ಟಿಕೊಂಡ್ಲು. ಸೊಂಟ ಮುಟ್ಟಿಕೊಂಡ್ಲು. ಗಿಳಿ ಮುಟ್ಟಿದ್ಲು. "ಗಂಗಾ, ಕೊಕ್ಕು ಯಾ ಕಡೆ ಐತಿ?"

ನಾ ಓಡಿ ಹೋಗಿ ನೋಡಿದ್ನಿ. ಗಿಳಿ ಎಲ್ಲಾ ಸೆರಗಿಗೆ ಬಾಲ ತೋರಿಸಿ ನಡದಿದ್ದುವು.

ಅಲ್ಲೇ ತಮ್ಮಣ್ಣಗ ಫೋನ್ ಹಚ್ಚಿದ್ನಿ. "ತಮ್ಮಣ್ಣಾ, ಗಿಳಿ ಹಿಂದ್ಮುಂದ ಆಗ್ಯಾವಲ್ಲೋ!"

"ಹೌದ್ರಿ ವೈನಿ" ಅಂದ, ಆರಾಮ. "ಯಾವತ್ತೂ ಬಾಲ ಮೊದಲ ಬರ್ತಿತ್ತು, ಕಡೀಕ ಸೆರಗು. ಈ ಸಲ ಕೊಕ್ಕು ಮೊದಲ ಬಂತು. ಹೊಸಾ ಕಂಪ್ಯೂಟರ್ ಅಲ್ಲ, ಹೊಸಾ ಫ್ಯಾಶನ್ ಇರಬೇಕು ಅಂದ್ಕೊಂಡ್ನಿ."

"ಫ್ಯಾಶನ್ನ ನಿನ್ನ ತಲಿ!" ಅಂತ ಬೈದ್ನಿ. ಬೈಯೂಮುಂದನ ತಿಳೀತು, ತಪ್ಪು ಅಂವಂದಲ್ಲ. ಅಂವ ಒಂದನೇ ನಂಬರ್ ಸಾಲು ಮೊದಲ ಹೊಡದಾನು, ಯಾವತ್ತಿನಂಗ. ಆದ್ರ ಒಂದನೇ ನಂಬರ್ ಎಲ್ಲಿತ್ತು? ಕ್ಯಾಲ್ಕ್‌ನಾಗ ಒಂದು ಅನ್ನೂದು ತುದಿಗೆ, ಮ್ಯಾಲ. ಎಣಿಕಿ ಮ್ಯಾಲಿಂದ ಕೆಳಗ ಇಳೀತೈತಿ. ನಮ್ಮ ಗ್ರಾಫಿನ್ಯಾಗ ಗಿಳಿ ಕೊಕ್ಕು ಮ್ಯಾಲ, ಬಾಲ ಕೆಳಗ, ಒಂದು ಅನ್ನೂದು ಬುಡಕ್ಕ, ಬಾಲದ ಕಡೆ. ಮಾವ ನನ್ನ ಬಾಜೂಕ ಕುಂತು ದಿನಾ ಹೇಳ್ತಿದ್ರು, "ಕೆಳಗಿಂದ ಎಣಸವಾ ಗಂಗಾ, ಬಟ್ಟಿ ಕೆಳಗಿಂದ ಬೆಳೀತೈತಿ." ಜರಿ ಮಾಸ್ಟರ್ ಇಪ್ಪತ್ತೆರಡು ವರ್ಷ ಸುಮ್ನ ಕೆಳಗಿಂದ ಎಣಿಸಿ ಕೊಟ್ಟಿತ್ತು, ನಾ ಮರತಿದ್ನಿ. ನಂಬರ್ ತಾನ ಬಂತು ಅಂತ ಹಿಗ್ಗಿದ್ನಲ್ಲ, ಆ ನಂಬರ್ರ ನನ್ನ ಮುಳುಗಿಸಿತ್ತು.

"ಆಯಿ, ತಪ್ಪು ನಂದ್ರಿ" ಅಂದ್ನಿ. "ಹೊಸಾ ಕಂಪ್ಯೂಟರಿನ ಕ್ಯಾಲ್ಕ್ ನಂಬರ್ ಮ್ಯಾಲಿಂದ ಹಾಕೇತಿ, ನಾ ನೋಡಲಿಲ್ಲ. ಈ ಸೀರಿ ಕೊಡ್ರಿ, ಒಯ್ತೀನಿ. ಹೊಸಾದು ಮಾಡಸ್ತೀನಿ."

"ಲಗ್ನದೊಳಗ ಬರತೈತೇನು?"

ಬರಂಗಿಲ್ಲ. ಕಾರ್ಡ್ ಹೊಸಾದು ಹೊಡೀಬೇಕು, ತಮ್ಮಣ್ಣನ ಮಗ್ಗಕ್ಕ ಬ್ಯಾರೆಯವ್ರ ಸೀರಿ ಹಾಸು ಏರಿತ್ತು. ಸುಳ್ಳು ಹೇಳಾಕ ಬಾಯಿ ಬರಲಿಲ್ಲ. "ಇಲ್ರಿ ಆಯಿ" ಅಂದ್ನಿ.

ಆಯಿ ಕಟ್ಟಿ ಮ್ಯಾಲ ಕುಂತ್ಲು. ಗಿಳಿ ಮ್ಯಾಲ ಹೆಬ್ಬಟ್ಟು ಬಾಲದಿಂದ ಕೊಕ್ಕಿಗೆ, ಕೊಕ್ಕಿನಿಂದ ಬಾಲಕ್ಕ ಆಡಿಸಿದ್ಲು. ಆಮ್ಯಾಲ ಕೇಳಿದ್ಲು, "ಹೊಸಾ ಕಂಪ್ಯೂಟರ್ ಅಂದ್ಯಲ್ಲ, ಅದು ನಿನ್ನ ಕೈಗೆ ಕುಂದರಾಕ ಎಷ್ಟ ದಿನ ಹಿಡೀತು?"

"ಹದಿನೈದು ದಿನ ಆಗಿತ್ತೇನ್ರಿ. ಇನ್ನೂ ಪೂರಾ ಕುಂತಿಲ್ಲ."

"ಭಾಳ ಬೈದೇನು?"

"ಓಣಿ ಎಲ್ಲಾ ಕೇಳೂವಂಗ ಬೈದಾರ್ರಿ" ಅಂದ್ಲು ಸಪ್ನಾ, ಕೇಳದಿದ್ರೂ.

ಆಯಿ ನಕ್ಲು. ಹಲ್ಲಿಲ್ಲದ ಬಾಯಿ ತುಂಬ ನಕ್ಲು. "ನನಗ ನಾಕ ದಿನ ಐತಿ. ನಾನೂ ಬೈಕೋತ ಕಲೀತೀನಿ. ಕೊಕ್ಕು ಅಂದ್ರ ಇನ್ನ ಸೆರಗಲ್ಲ, ಸೊಂಟ. ಬಾಲ ಅಂದ್ರ ಸೆರಗು. ಅಷ್ಟ ಹೌದಲ್ಲೋ? ನಡಿ ಮನಿಷಾ, ಬಾಗಲಾ ಹಾಕು."

ನಾಕು ದಿನ ನನಗ ಅನ್ನ ಸೇರಲಿಲ್ಲ. ಮನಿಷಾಗ ಫೋನ್ ಹಚ್ಚಿದಾಗೊಮ್ಮೆ ಹಿಂದಿನಿಂದ ಆಯಿ ಬೈಗಳ ಕೇಳಸ್ತಿದ್ದುವು, ಕನ್ನಡದಾಗೊಂದು ಮರಾಠ್ಯಾಗೊಂದು. ಗಿಳಿಗೆ, ತಮ್ಮಣ್ಣಗ, ಕ್ಯಾಲ್ಕಿಗೆ, ನನಗ. ನನ್ನ ಪಾಲಿಂದು ನಾ ಸುಮ್ನ ತಗೊಂಡ್ನಿ.

ಲಗ್ನದ ದಿನ ಹಂದರದಾಗ ಮುಂದಿನ ಸಾಲಿನ್ಯಾಗ ಕುಂತಿದ್ನಿ, ಸೀರಿ ಅಂಚು ಹಿಂಡ್ಕೋತ. ಸೊಸ್ತ್ಯಾರು ಎರಡ ಸಲ ಖೋಲಿ ಬಾಗಲಾ ಬಡದ್ರು, "ಬರಬ್ಯಾಡ್ರಿ" ಅಂತ ಒಳಗಿಂದ ಬಂತು. ಮನಿಷಾ ಹಾರ ಹಿಡಕೊಂಡು ಬಾಗಲಾನ ನೋಡಾಕತ್ತಿದ್ಲು. ಆಮ್ಯಾಲ ಆಯಿ ಬಂದ್ಲು. ಸೆರಗು ಹೆಗಲ ಮ್ಯಾಲಿಂದ ಹಾದು ತಲಿ ತುಂಬ ಹೊದ್ದಿತ್ತು. ಒಂದು ನಿರಿಗಿ ಆಚೀಚೆ ಇರಲಿಲ್ಲ. ಗ್ವಾಡಿ ಹಿಡೀದ, ಯಾರ ಕೈನೂ ಹಿಡೀದ, ದನಿ ಕೇಳಿದ ಕಡೆ ನಡಕೋತ ಬಂದು ಮೊಮ್ಮಗಳ ಬಾಜೂಕ ನಿಂತ್ಲು. ನಾ ಅತ್ನಿ. ಈ ಸಲ ಯಾರ ನೋಡಿದ್ರೂ ನೋಡ್ಲಿ ಅಂತ ಬಿಟ್ನಿ.

ಅಲ್ಲಿಗೂ ನನ್ನ ಮನಸ್ಸಿಗೆ ಸಮಾಧಾನ ಇಲ್ಲ. ಹಿಂದ್ಮುಂದ ನಡಿಯೂ ಗಿಳಿ ನನ್ನ ಹೆಸರಿನ ಮ್ಯಾಲ ಇರಬಾರದು. ಸಪ್ನಾ ಕ್ಯಾಲ್ಕ್‌ನಾಗ ಎಡಕ್ಕ ಒಂದು ನಿಂತ ಸಾಲು ಸೇರಿಸಿ ಬುಡದಿಂದ ನಂಬರ್ ಹಾಕಿ ಕೊಟ್ಲು, ತಮ್ಮಣ್ಣಗ ಮೂರ ಸಲ ಹೇಳಿದ್ನಿ, ಬಾಲ ಮೊದಲ ಬರಲಿಲ್ಲಂದ್ರ ಮಗ್ಗಾ ನಿಂದರಸು ಅಂತ. ಲಗ್ನ ಆಗಿ ಒಂದು ತಿಂಗಳಿಗೆ ಎರಡನೇ ಸೀರಿ ಇಳೀತು. ಗಿಳಿ ಎಲ್ಲಾ ಸೆರಗಿನ ಕಡೆ.

ಅದ ವಾರ ಅಮರ ಹಳೇ ಡಿಸ್ಕಿನ ಜೀವ ತಗದು ತಂದ. ಫೈಲೂ ಅದಾವ, ಯಾರದೋ ಹಳೇ ಕಂಪ್ಯೂಟರಿನ್ಯಾಗ ಚಾವಿ ಸುದ್ದಾ ಚುಚ್ಚಿ ಜರಿ ಮಾಸ್ಟರ್ ತೆರದಾನು. "ನೋಡ್ರಿ ಅತ್ತಿ, ನಿಮ್ಮದು ನಿಮಗ ಬಂತು" ಅಂದ್ಲು ಸಪ್ನಾ. ಕುಂತ್ನಿ. ಒಂದು ಕಮಲ ತಗೀಬೇಕಂತ ಮೌಸ್ ಮ್ಯಾಲ ಒಯ್ದ್ನಿ, ಅಲ್ಲಿ ಏನೂ ಇಲ್ಲ. ಮುಚ್ಚಾಕ ಹೋದ್ನಿ, ಮತ್ತೊಂದು ತೆರೀತು. ಬಣ್ಣ ಎಲ್ಲಿತ್ತು ಇದರಾಗ? ಐದು ನಿಮಿಷಕ್ಕ ಎದ್ನಿ. "ಅಡಗಿ ಕೆ‌ಲಸ ಐತಿ" ಅಂದ್ನಿ. ಸಪ್ನಾ ತುಟಿ ಕಚ್ಚಿಕೊಂಡ್ಲು, ನಾ ನೋಡಿದ್ನಿ.

ಮರುದಿನ ಖಾನಾಪೂರಕ್ಕ ಹೋದ್ವಿ. ತವರಿಗೆ ಬಂದಿದ್ದ ಮನಿಷಾ ಚಾ ತಂದ್ಲು. ಆಯಿ ಮೈ ಮ್ಯಾಲ ಅದ ಹಿಂದ್ಮುಂದಿನ ಗಿಳಿ ಸೀರಿ ಇತ್ತು. ನಾ ಹೊಸಾದನ್ನ ತೊಡಿ ಮ್ಯಾಲ ಇಟ್ನಿ. "ತಗೋರಿ ಆಯಿ. ಈ ಸಲ ಬರೋಬರಿ ಐತಿ. ಕೊಕ್ಕು ಸೆರಗಿನ ಕಡೆ. ಆ ಸುಡುಗಾಡ ಸೀರಿ ನನಗ ಕೊಟ್ಬಿಡ್ರಿ."

ಆಯಿ ಸೀರಿ ಬಿಚ್ಚಿ, ಹೆಬ್ಬಟ್ಟು ಇಟ್ಲು. ಬಾಲ, ಹೊಟ್ಟಿ, ಕೊಕ್ಕು. ಕೈ ತಡದು ತಡದು ಸೆರಗಿನ ತನಕ ಹೋಗಿ, ತಿರಗಿ ಬಂತು. ಹುಬ್ಬು ಗಂಟ ಹಾಕಿದ್ಲು.

"ಇದು ಹಿಂದ್ಮುಂದ ಆಗೇತಲ್ಲಬೇ" ಅಂದ್ಲು.

"ಇಲ್ರಿ ಆಯಿ, ಇದ ಖರೇದು!"

"ನಿನ್ನ ಖರೇದು ನಿನ್ನ ಕಡೆ ಇಟ್ಕೋ" ಅಂತ ಮಡಚಿ ನನ್ನ ಕಡೆ ತಳ್ಳಿದ್ಲು. "ನಾಕ ದಿನ ಬೈಕೋತ ಕಲ್ತೀನಿ. ಈಗ ಕೈಗೆ ಬಂದೇತಿ. ಮತ್ತೊಮ್ಮೆ ಬದಲ ಮಾಡಿದ್ರ ನೋಡು, ನಿನ್ನ ಬೈಗಳ ಬ್ಯಾರೆ ಇರ್ತಾವ. ಮನಿಷಾಗ ಕೊಡು ಅದನ್ನ. ಅಕಿಗೆ ಕಣ್ಣದಾವ, ಕೊಕ್ಕು ಯಾ ಕಡೆ ಇದ್ರ ಏನು?"

ನಾ ಬಾಯಿ ತೆರದ್ನಿ. ಸಪ್ನಾ ಬಾಜೂಕ ಕುಂತು ನನ್ನ ನೋಡಾಕತ್ತಿದ್ಲು, ನಿನ್ನಿ ಐದು ನಿಮಿಷದ ಸುದ್ದಿ ಅಕಿ ಕಣ್ಣಾಗ ಕುಣೀತಿತ್ತು. ಬಾಯಿ ಮುಚ್ಚಿಕೊಂಡು ಸೀರಿ ಮನಿಷಾನ ಕೈಯಾಗ ಇಟ್ನಿ.

"ಆಮ್ಯಾಲ ಗಂಗಾ" ಅಂದ್ಲು ಆಯಿ, "ಇದೂ ಒಂದು ದಿನ ಹರೀತೈತಿ. ಈ ಹಿಂದ್ಮುಂದಿನ ಫೈಲ್ ಇಟ್ಟೀಯಿಲ್ಲೋ?"

"ಇಟ್ಟೀನ್ರಿ."

"ಎರಡ ಕಡೆ" ಅಂದ್ಲು ಸಪ್ನಾ.